ಮಣ್ಣೆತ್ತಿನ ಮುಂದಿನ ಗೋದಲಿ

ಬಂಧುಗಳ ಮನೆಯ ಮದುವೆಯ ನಿಮಿತ್ತ ನಾವು ಈಚೆಗೆ ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾಯ್ದು ಲಿಂಗಸುಗೂರಿಗೆ ಬಸ್ಸಿನಲ್ಲಿ ಪಯಣಿಸಿದೆವು. ಭತ್ತದ ಸುಗ್ಗಿ ಮುಗಿಯುತ್ತಿದ್ದ ಕಾಲ. ಚೀಲ ಹೇರಿದ ಟ್ರ್ಯಾಕ್ಟರೊಂದು ಬಹುದೂರದವರೆಗೆ ನಮಗೆ ದಾರಿ ಬಿಡಲಿಲ್ಲ. ಅದರ ಹಿಂಭಾಗದಲ್ಲಿ ದಪ್ಪಕ್ಷರಗಳಲ್ಲಿ 'ಬಸವ' ಎಂದು ಬರೆದಿತ್ತು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಅದನ್ನು ಓದಿ ನಕ್ಕರು. "ಹೆಸರು ಉಳೀತ್ರಿ, ಎತ್ತು ಹೋತು" ಎಂದರು.

ಅವರು ನಗುತ್ತ ಹೇಳಿದ ಮಾತು ಲಿಂಗಸುಗೂರು ಮುಟ್ಟುವವರೆಗೂ ನಮ್ಮನ್ನು ಬಿಡಲಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದು ಬಂದ ಮೇಲೆ ಈ ಸೀಮೆಯ ಎಷ್ಟೋ ಜೋಳದ ಎರೆಹೊಲಗಳು ಭತ್ತದ ಗದ್ದೆಗಳಾದವು. ಗದ್ದೆಗಳಿಗೆ ಯಂತ್ರಗಳು ಬಂದವು. ಯಂತ್ರಗಳಿಗೆ ಎತ್ತುಗಳ ಹೆಸರುಗಳು ಬಂದವು. ಮನುಷ್ಯನು ಕೃತಘ್ನನೆಂದು ಯಾರು ಹೇಳಿದರು? ಯಾರನ್ನು ಹಟ್ಟಿಯಿಂದ ಹೊರಗೆ ಕಳುಹಿಸುತ್ತಾನೆಯೋ ಅವರ ಹೆಸರನ್ನು ಫಲಕಕ್ಕೆ ಬರೆಸಿ ಗೌರವಿಸುವುದು ಅವನ ಸ್ವಭಾವವೇ ಆಗಿದೆ. ಕಡಿದುಹಾಕಿದ ತೋಪಿನ ಹೆಸರನ್ನು ಬಡಾವಣೆಗೆ ಇಡುವವನು, ಮಾರಿದ ಎತ್ತಿನ ಹೆಸರನ್ನು ಟ್ರ್ಯಾಕ್ಟರಿಗೆ ಇಟ್ಟರೆ ಆಶ್ಚರ್ಯವೇನು?

ಈ ಲೆಕ್ಕಾಚಾರವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಎತ್ತು ದುಡಿಯದ ದಿನವೂ ಉಣ್ಣುತ್ತದೆ, ಟ್ರ್ಯಾಕ್ಟರು ದುಡಿದ ದಿನ ಮಾತ್ರ ಕುಡಿಯುತ್ತದೆ ಎಂದು ರೈತರು ಹೇಳುವುದು ನಿಜ. ಆದರೆ ಬ್ಯಾಂಕಿನ ಕಂತು ಯಾರು ದುಡಿಯದ ದಿನವೂ ಉಣ್ಣುತ್ತದೆ ಎಂಬುದೂ ಅಷ್ಟೇ ನಿಜ. ಎತ್ತು ಸೆಗಣಿಯನ್ನಾದರೂ ಕೊಡುತ್ತಿತ್ತು. ಕಂತು ಕೊಡುವುದು ನೋಟೀಸನ್ನು ಮಾತ್ರ.

ಕಾರಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ನಮ್ಮಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಹಟ್ಟಿಯಲ್ಲಿ ಎತ್ತುಗಳಿದ್ದ ಕಾಲದಲ್ಲಿ ಮಣ್ಣಿನ ಎತ್ತು ಅವುಗಳ ಪ್ರತಿರೂಪವಾಗಿತ್ತು. ಈಗ ಅನೇಕ ಮನೆಗಳಲ್ಲಿ ಅದೊಂದೇ ಎತ್ತು. ಹಿಂದಿನ ಅಮಾವಾಸ್ಯೆಯಂದು ಮಸ್ಕಿ ಸೀಮೆಯ ಹಳ್ಳಿಯೊಂದರಲ್ಲಿ ಪೂಜೆಯ ಹೊತ್ತಿಗೆ ನಾವಿದ್ದೆವು. ಎರೆಮಣ್ಣಿನ ಜೋಡಿ ಎತ್ತು, ಮುಂದೊಂದು ಮಣ್ಣಿನ ಗೋದಲಿ. ಮನೆಯ ಚಿಕ್ಕ ಹುಡುಗಿ ಕೇಳಿದಳು: "ಅಮ್ಮಾ, ಇವು ಮೇಯ್ತಾವೇನು?" ಅಜ್ಜಿ ಆರತಿಯ ತಟ್ಟೆಯನ್ನು ಕೆಳಗಿಡುತ್ತ ಹೇಳಿದಳು: "ಮೇಯೂದಿಲ್ಲಂತನ ಇಟ್ಕೊಂಡೀವಿ, ಕೂಸಾ."

ಇಡೀ ಆಧುನಿಕ ಸಮಾಜದ ಮೇಲೆ ಇಷ್ಟು ಚಿಕ್ಕದಾದ ಭಾಷ್ಯವನ್ನು ನಾವು ಬೇರೆಲ್ಲಿಯೂ ಕೇಳಿಲ್ಲ. ಮೇಯದ ಎತ್ತು, ಕೂಗದ ಗಿಳಿ, ಬೊಗಳದ ನಾಯಿ, ಎದುರಾಡದ ಹಿರಿಯರು! ಚಿತ್ರಪಟದಲ್ಲಿ ಇರುವವರೆಲ್ಲರ ಮೇಲೆಯೂ ನಮಗೆ ಅಪಾರ ಭಕ್ತಿ.

ಬಸ್ಸಿನ ಕಿಟಕಿಯಿಂದ ನಾವು ಇನ್ನೊಂದು ದೃಶ್ಯವನ್ನೂ ಕಂಡೆವು. ರಸ್ತೆಯ ಆಚೀಚೆಗೆ ಗದ್ದೆಗಳು ಹೊತ್ತಿ ಉರಿಯುತ್ತಿದ್ದವು. ಭತ್ತ ಕೊಯ್ಯುವ ಯಂತ್ರವು ಕಾಳನ್ನು ತುಂಬಿಕೊಂಡು ಹುಲ್ಲನ್ನು ಗದ್ದೆಯಲ್ಲಿಯೇ ಚೆಲ್ಲಿಹೋಗುತ್ತದೆ. ಅದನ್ನು ಕೂಡಿಸಲು ಆಳಿಲ್ಲ, ಆಳಿದ್ದರೆ ಕೂಲಿ ಗಿಟ್ಟದು, ಕಾಲುವೆಗೆ ನೀರು ಬಿಡುವ ಮೊದಲು ನೆಲ ಹಸನಾಗಬೇಕು. ಒಂದು ಕಡ್ಡಿ ಗೀರಿದರೆ ಕೆಲಸ ತೀರಿತು. ಹೊಗೆ ಬಸ್ಸಿನೊಳಗೆ ನುಗ್ಗಿದಾಗ ಎಲ್ಲರೂ ಕೆಮ್ಮಿದರು. ಆ ಹೊಗೆಯ ಮಗ್ಗುಲಲ್ಲಿಯೇ, ಹೋಟೆಲೊಂದರ ಹಿಂದೆ, ಬಡಕಲು ಆಕಳೊಂದು ಪ್ಲಾಸ್ಟಿಕ್ ಚೀಲವನ್ನು ಮೆಲ್ಲುತ್ತಿತ್ತು. ಮೇವು ಬೆಂಕಿಗೆ, ಕಸ ಆಕಳಿಗೆ!

ಮಸ್ಕಿ ಬಂದಿತು. 1915ರಲ್ಲಿ ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಬೀಡನ್ ಎಂಬವರು ಇಲ್ಲಿಯ ಗುಡ್ಡದಲ್ಲಿ ಅಶೋಕನ ಶಾಸನವನ್ನು ಕಂಡರು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿತ್ತು, ಅಶೋಕನೆಂಬ ಹೆಸರಿರಲಿಲ್ಲ. ಆ ಹೆಸರು ಮೊದಲು ದೊರೆತದ್ದು ಮಸ್ಕಿಯ ಬಂಡೆಯ ಮೇಲೆ. ಮಹಾರಾಜನಾದವನು ಅಷ್ಟೊಂದು ಕಲ್ಲು ಕೊರೆಸಿಯೂ ತನ್ನ ಹೆಸರನ್ನು ಬೆರಳೆಣಿಕೆಯ ಕಡೆ ಮಾತ್ರ ಬರೆಸಿದನು. ಇಂದು ಊರಿಗೊಂದು ನೀರಿನ ತೊಟ್ಟಿ ಕಟ್ಟಿಸಿದವನ ಹೆಸರು ತೊಟ್ಟಿಗಿಂತ ದೊಡ್ಡದಾಗಿರುತ್ತದೆ!

ಧರ್ಮವನ್ನು ಆಚರಿಸಿದರೆ ಅದರ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದೊರೆಯುತ್ತದೆ ಎಂಬುದು ಮಸ್ಕಿ ಶಾಸನದ ಒಂದು ಮಾತು. ಉತ್ತರ ಭಾರತದ ಕಂಬಗಳ ಮೇಲಿರುವ ಐದನೆಯ ಸ್ತಂಭಶಾಸನದಲ್ಲಿ, ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ, ಅದೇ ಅರಸನು ಕೊಲ್ಲಬಾರದ ಪ್ರಾಣಿಗಳ ಪಟ್ಟಿಯನ್ನೇ ಕೊಡಿಸಿದ್ದಾನೆ. ಗಿಳಿ, ಮೈನಾ, ಬಾವಲಿ, ಆಮೆಗಳು ಅದರಲ್ಲಿವೆ. ಅದರಲ್ಲಿ ಇನ್ನೊಂದು ಆಜ್ಞೆ: ಜೀವಿಗಳಿರುವ ಹೊಟ್ಟನ್ನು ಸುಡಬಾರದು. 2,200 ವರ್ಷಗಳಿಗೂ ಹಿಂದೆ ಅರಸನೊಬ್ಬನು ಹೊಟ್ಟಿನೊಳಗಿನ ಹುಳುವನ್ನು ನೆನೆದನು. ಅವನ ಹೆಸರನ್ನು ಕಾಪಾಡಿದ ನಮ್ಮ ಸೀಮೆಯಲ್ಲಿ ನಾವು ಹುಲ್ಲಿಗೆ ಬೆಂಕಿಯಿಡುತ್ತಿದ್ದೇವೆ.

ಬೆರಳನ್ನು ಊರವರತ್ತ ತೋರಿದ ಮೇಲೆ ನಮ್ಮತ್ತಲೂ ತೋರಬೇಕು. ನಮ್ಮ ಮನೆಯ ಕೊನೆಯ ಜೋಡಿಯನ್ನು ನಾವೇ ಸಂತೆಗೆ ಹೊಡೆಸಿದೆವು. ಮೂರನೆಯ ದಿನ ಬೆಳಗಿನ ಜಾವ ಅವುಗಳಲ್ಲೊಂದು ಕಣ್ಣಿ ಹರಿದುಕೊಂಡು ಮರಳಿ ಬಂದಿತ್ತು. ಯಾವ ಫಲಕವನ್ನೂ ಓದದೆ ಮನೆಯನ್ನು ಗುರುತಿಸಿ, ಹಟ್ಟಿಯಲ್ಲಿ ತನ್ನ ಗೋದಲಿಯಿದ್ದ ಜಾಗಕ್ಕೆ ಹೋಗಿ ನಿಂತಿತ್ತು. ಗೋದಲಿಯನ್ನು ನಾವು ಆಗಲೇ ಒಡೆಸಿದ್ದೆವು. ಮಧ್ಯಾಹ್ನ ಕೊಂಡವರು ಬಂದರು. ಹಣ ಎಣಿಸಿಕೊಂಡಾಗಿತ್ತು, ಒಪ್ಪಿಸಿದೆವು. ಅವರು ಹೊಡೆದುಕೊಂಡು ಹೋಗುವಾಗ ನಮ್ಮ ತಾಯಿಯವರು ಹೊರಗೆ ಬರಲಿಲ್ಲ. ಆ ರಾತ್ರಿ ಉಣ್ಣಲೂ ಇಲ್ಲ.

ಎಲ್ಲರೂ ಮತ್ತೆ ಎತ್ತು ಕಟ್ಟಿರೆಂದು ಹೇಳುವ ಅರ್ಹತೆ ನಮಗಿಲ್ಲ. ಆದರೆ ಕಡ್ಡಿ ಗೀರುವ ಮುನ್ನ, ಓಣಿಯಲ್ಲಿ ಒಂದೆಮ್ಮೆ ಕಟ್ಟಿಕೊಂಡು ಜೀವನ ಸಾಗಿಸುವ ತಾಯಿಯನ್ನು ಕರೆದು, "ಹುಲ್ಲು ಒಯ್ಯವ್ವ" ಎಂದು ಹೇಳಲು ಯಾರ ಸಾಲವೂ ಬೇಕಿಲ್ಲ. ಬೇಸಗೆಯಲ್ಲಿ ಆಕೆ ಮೇವಿಗಾಗಿ ಊರೂರು ಅಲೆಯುವುದು ತಪ್ಪುತ್ತದೆ.

ಬರುವ ಅಮಾವಾಸ್ಯೆಗೆ ಮಣ್ಣಿನ ಗೋದಲಿಯಲ್ಲಿ ಒಂದು ಹಿಡಿ ನಿಜವಾದ ಹುಲ್ಲನ್ನಿಟ್ಟು ನೋಡೋಣ. ಎಲ್ಲಿಂದ ತಂದಿರಿ ಎಂದು ಮಗು ಕೇಳಿದರೆ, ನಮ್ಮ ಹೊಲದ್ದೇ ಎಂದು ಹೇಳುವಷ್ಟಾದರೂ ಹುಲ್ಲು ಬೆಂಕಿಯಿಂದ ಉಳಿದಿರಲಿ.