ಪರ್ಷಿಯಾದ ರತ್ನಗಂಬಳಿ: ಊರಿಗೊಂದು ನೇಯ್ಗೆ

ಕಳೆದ ಬೇಸಿಗೆಯಲ್ಲಿ ಹುಬ್ಬಳ್ಳಿಯ ನಮ್ಮ ಬೀಗರ ಮನೆಗೆ ಹೋಗಿದ್ದೆವು. ಪಡಸಾಲೆಯ ತುಂಬ ಕೆಂಪು-ನೀಲಿ ಬಣ್ಣದ ಹೊಸ ರತ್ನಗಂಬಳಿ ಹಾಸಿತ್ತು. ದುಬೈಯಲ್ಲಿರುವ ಮಗ ತಂದುದು. ಮಾರಿದವರು ಅಪ್ಪಟ ಕಾಶಾನಿನ ಕೈನೇಯ್ಗೆಯೆಂದು ಆಣೆಯಿಟ್ಟು ಹೇಳಿ ದೊಡ್ಡ ಬೆಲೆಯನ್ನೇ ಪಡೆದಿದ್ದರು. "ನೋಡಿ ಹೇಳ್ರಿ ಬೀಗರ, ಖರೇ ಐತೋ ಇಲ್ಲೋ" ಎಂದರು. ನಾವು ಒಂದು ಮೂಲೆಯನ್ನು ಮಗುಚಿ ನೋಡಿ ಸುಮ್ಮನಾದೆವು. ಅಂದು ಬಾಯಿಬಿಟ್ಟು ಹೇಳಲಾಗದ ಮಾತನ್ನು ಈ ತಿಂಗಳ ಅಂಕಣದಲ್ಲಿ ಬರೆಯುತ್ತಿದ್ದೇವೆ.

ಉತ್ತರ ಕರ್ನಾಟಕದ ಹಿರಿಯರ ಬಾಯಲ್ಲಿ ‘ಗಾಲೀಚೆ’ ಎಂಬ ಮಾತು ಇಂದಿಗೂ ಇದೆ. ಪಾರಸಿಯಲ್ಲಿ ‘ಕಾಲೀ’ ಎಂದರೆ ರತ್ನಗಂಬಳಿ, ‘ಚೆ’ ಎಂಬುದು ಚಿಕ್ಕದೆನ್ನುವ ಪ್ರತ್ಯಯ. ನವಲಗುಂದದ ನಮ್ಮ ಜಮಖಾನೆ ಬೇರೆ ಜಾತಿಯದು. ಹತ್ತಿಯ ನೂಲಿನದು, ಚಪ್ಪಟೆ ನೇಯ್ಗೆಯದು. ರತ್ನಗಂಬಳಿಯಲ್ಲಾದರೋ ಹಾಸಿನ ಎಳೆಗಳಿಗೆ ಉಣ್ಣೆಯ ತುಂಡುಗಳನ್ನು ಒಂದೊಂದಾಗಿ ಗಂಟಿಕ್ಕಿ, ಸಾಲು ಮುಗಿದೊಡನೆ ಹೊಕ್ಕು ಹಾಯಿಸಿ, ಹಣಿಗೆಯಿಂದ ಬಡಿದು ಕೂರಿಸುತ್ತಾರೆ. ಕತ್ತರಿಸಿದ ಎಳೆಗಳ ತುದಿಗಳೇ ಮೇಲ್ಮೈಯ ಮೆತ್ತೆಯಾಗುತ್ತವೆ.

ಈ ಕಲೆ ಎಷ್ಟು ಹಳೆಯದೆಂಬುದಕ್ಕೆ ಸೈಬೀರಿಯಾದ ಅಲ್ತಾಯ್ ಬೆಟ್ಟಗಳ ಪಜಿರಿಕ್ ಗೋರಿಯಲ್ಲಿ 1949ರಲ್ಲಿ ದೊರೆತ ಗಂಬಳಿಯೇ ಸಾಕ್ಷಿ. ಹಿಮದಲ್ಲಿ ಹೂತು ಸುಮಾರು 2400 ವರ್ಷ ಕೆಡದೆ ಉಳಿದಿತ್ತು. ಅದನ್ನು ನೇಯ್ದವರು ಯಾರೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಪರ್ಷಿಯಾದ್ದೆಂದು ನಿಸ್ಸಂದೇಹವಾಗಿ ಹೇಳಬಹುದಾದ ಮಹಾಕೃತಿಯೆಂದರೆ ಅರ್ದಬೀಲಿನ ಗಂಬಳಿ. ಹಿಜರಿ 946, ಅಂದರೆ ಕ್ರಿ.ಶ. 1539-40ರ ಕಾಲವನ್ನೂ ಮಕ್ಸೂದ್ ಕಾಶಾನಿ ಎಂಬ ಹೆಸರನ್ನೂ ಅದರಲ್ಲಿಯೇ ನೇಯ್ದಿದ್ದಾರೆ. ಉದ್ದ ಸುಮಾರು ಹತ್ತೂವರೆ ಮೀಟರು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವು 1893ರಲ್ಲಿ ಇದನ್ನು 2000 ಪೌಂಡಿಗೆ ಕೊಂಡಿತು. ಇದರ ಜೊತೆಯದನ್ನು ಕತ್ತರಿಸಿ, ಆ ತುಂಡುಗಳಿಂದಲೇ ಇದನ್ನು ಸರಿಪಡಿಸಿದ್ದರೆಂಬುದು ಆಮೇಲೆ ತಿಳಿದ ಸಂಗತಿ. ಅಳಿದುಳಿದ ಆ ಜೊತೆಗಂಬಳಿ ಈಗ ಲಾಸ್ ಏಂಜಲೀಸಿನಲ್ಲಿದೆ. ಒಂದನ್ನು ಉಳಿಸಲು ಇನ್ನೊಂದನ್ನು ಹರಿದ ವ್ಯಾಪಾರಿಗಳ ಜಾಣತನವನ್ನು ಮೆಚ್ಚಲು ನಮ್ಮ ಮನಸ್ಸು ಒಪ್ಪದು.

ಊರೂರಿಗೆ ಶೈಲಿ ಬೇರೆ. ವಾಯವ್ಯದ ತಬ್ರೀಜಿನಲ್ಲಿ ಕೊಕ್ಕೆಯ ಸಹಾಯದಿಂದ ಎರಡೂ ಬದಿಗೆ ಸಮನಾದ ತುರ್ಕಿ ಗಂಟನ್ನು ಹಾಕುತ್ತಾರೆ. ಕಾಶಾನ್, ಇಸ್ಫಹಾನ್, ಕೆರ್ಮಾನ್‌ಗಳಲ್ಲಿ ಒಂದು ಬದಿ ತೆರೆದ ಪಾರಸಿ ಗಂಟು. ಈ ಪಾರಸಿ ಗಂಟಿಗೆ ವ್ಯಾಪಾರಿಗಳು ‘ಸೆನ್ನೆ’ ಎಂಬ ಊರಿನ ಹೆಸರಿಟ್ಟಿದ್ದಾರೆ, ಆದರೆ ಆ ಊರಿನವರು ಹಾಕುವುದು ತುರ್ಕಿ ಗಂಟನ್ನೇ! ಕಾಶಾನಿನದು ಕಡುಗೆಂಪು ನೆಲ, ನಡುವೆ ಪದಕದಂಥ ಆಕೃತಿ, ಸುತ್ತಲೂ ಬಳ್ಳಿ. ನಾಯಿನ್ ಊರಿನದು ಕೆನೆಬಿಳುಪು ಮತ್ತು ನೀಲಿ. ಅಲ್ಲಿ ಮೊದಲು ನಿಲುವಂಗಿಯ ಉಣ್ಣೆಬಟ್ಟೆ ನೇಯುತ್ತಿದ್ದವರು ಆ ಕಸುಬು ಬಿದ್ದುಹೋದ ಮೇಲೆ ಇತ್ತ ತಿರುಗಿದರು. ಹೆರೀಜಿನದು ಒರಟು ಗಂಟು, ಗೆರೆ ಕೊರೆದಂಥ ಕೋನಗಳು. ಬಿಜಾರ್ ಗಂಬಳಿಯ ಹೊಕ್ಕನ್ನು ಎಷ್ಟು ಬಲವಾಗಿ ಬಡಿದಿರುತ್ತಾರೆಂದರೆ ಅದಕ್ಕೆ ಕಬ್ಬಿಣದ ಗಂಬಳಿಯೆಂದೇ ಹೆಸರು. ಮಡಚಲು ಹೋದರೆ ಎಳೆಯೇ ಮುರಿದೀತು, ಸುತ್ತಿಯೇ ಇಡಬೇಕು. ರೇಷ್ಮೆಯ ಕೋಮ್ ಗಂಬಳಿಗಳು ಇಪ್ಪತ್ತನೆಯ ಶತಮಾನದವು. ನೋಡಲು ಚೆಂದ, ತುಳಿಯಲು ಅಂಜಿಕೆ.

ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಫಾರ್ಸ್ ಪ್ರಾಂತದ ಅಲೆಮಾರಿ ಕಶ್ಕಾಯಿ ಹೆಣ್ಣುಮಕ್ಕಳ ನೇಯ್ಗೆ. ಗಂಡಸರು ಕುರಿಯ ಉಣ್ಣೆ ಕತ್ತರಿಸಿ, ನೆಲದ ಮೇಲೆ ಅಡ್ಡಮಗ್ಗ ಹೂಡಿಕೊಡುತ್ತಾರೆ. ನೂಲುವವರೂ ನೇಯುವವರೂ ಹೆಂಗಸರೇ. ಕಾಗದದ ಮೇಲಿನ ನಕ್ಷೆಯಿಲ್ಲ, ಕಂಡ ಬೆಟ್ಟ, ಮೇಕೆ, ಹೂವು ನೆನಪಿನಿಂದಲೇ ಬರುತ್ತವೆ. ಆದುದರಿಂದ ಒಂದರಂತೆ ಇನ್ನೊಂದಿಲ್ಲ. ಮಂಜಿಷ್ಠದ ಜಾತಿಯ ಬೇರಿನಿಂದ ಕೆಂಪು, ನೀಲಿಗಿಡದಿಂದ ನೀಲಿ, ದಾಳಿಂಬೆ ಸಿಪ್ಪೆ ಅಕ್ರೋಟಿನ ಸಿಪ್ಪೆಗಳಿಂದ ಹಳದಿ, ಕಂದು. ಒಂದು ಸಲ ಅದ್ದಿದ ಉಣ್ಣೆ ಮುಗಿದು ಮತ್ತೊಮ್ಮೆ ಅದ್ದಿದರೆ ಬಣ್ಣ ತುಸು ಬದಲಾಗಿ ನೆಲದಲ್ಲಿ ಪಟ್ಟೆ ಕಾಣುತ್ತದೆ. ತಿಳಿಯದವರು ಇದನ್ನು ದೋಷವೆನ್ನುವರು, ತಿಳಿದವರು ಅದನ್ನೇ ಹುಡುಕಿ ಕೊಳ್ಳುವರು. ಫಾರ್ಸ್ ಮತ್ತು ಕಾಶಾನಿನ ಈ ಎರಡೂ ಕೌಶಲಗಳನ್ನು ಯುನೆಸ್ಕೋ 2010ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಚೆಲುವಿನ ಮಾತನ್ನಷ್ಟೇ ಆಡಿ ಮುಗಿಸಿದರೆ ಓದುಗರಿಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಬಣ್ಣಗಳ ವೈಭವಕ್ಕೆ ಹೆಸರಾದ ಕೆರ್ಮಾನಿನಲ್ಲಿ ಎಳೆಯ ಮಕ್ಕಳನ್ನು ಮಗ್ಗದ ಹಲಗೆಯ ಮೇಲೆ ಬೆಳಗಿನಿಂದ ಕತ್ತಲೆಯವರೆಗೆ ಕೂರಿಸುತ್ತಿದ್ದರು. ತಂಪು ಹಿಡಿದ ನೆಲಮಾಳಿಗೆಗಳು, ಬೆಳಕಿಲ್ಲ, ಕಾಲು ಚಾಚುವಂತಿಲ್ಲ. ಕೈಕಾಲು ಸೊಟ್ಟಗಾದ ಮಕ್ಕಳ ವಿಷಯವನ್ನು ಅಲ್ಲಿಗೆ ಹೋದ ಪ್ರವಾಸಿಗಳು ಬರೆದಿಟ್ಟಿದ್ದಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಒತ್ತಾಯದಿಂದ 1923ರಲ್ಲಿ ಅಲ್ಲಿನ ರಾಜ್ಯಪಾಲರು ಆಜ್ಞೆ ಹೊರಡಿಸಿದರು: ದುಡಿಮೆ ದಿನಕ್ಕೆ 8 ಗಂಟೆ, ನೆಲದಡಿಯ ಕೋಣೆ ಕೂಡದು, 8 ವರ್ಷದೊಳಗಿನ ಗಂಡುಮಕ್ಕಳನ್ನೂ 10 ವರ್ಷದೊಳಗಿನ ಹೆಣ್ಣುಮಕ್ಕಳನ್ನೂ ಕೆಲಸಕ್ಕೆ ಹಚ್ಚಬಾರದು. ಎಂಟು ತುಂಬಿದ ಹುಡುಗ ದುಡಿಯಬಹುದೆಂಬುದೇ ದಯೆಯೆನಿಸಿಕೊಂಡ ಕಾಲವದು! ಚಿಕ್ಕ ಬೆರಳುಗಳಿಂದಲೇ ಸಣ್ಣ ಗಂಟು ಬರುವುದೆಂದು ಹೇಳುವ ವ್ಯಾಪಾರಿಗಳು ಇಂದಿಗೂ ಉಂಟು. ಆ ಮಾತನ್ನು ನಂಬಬೇಡಿ. ಅತಿ ನಯವಾದ ನೇಯ್ಗೆಗೆ ಬೇಕಾದುದು ಹಲವು ವರ್ಷ ಪಳಗಿದ ದೊಡ್ಡವರ ಕೈ.

ಇಂದಿನ ಕಷ್ಟ ಬೇರೆ ಬಗೆಯದು. ಅಮೆರಿಕವು ಇರಾನಿನ ಗಂಬಳಿಗಳ ಆಮದನ್ನು 2010ರಲ್ಲಿ ನಿಷೇಧಿಸಿ, 2016ರಲ್ಲಿ ತೆರವುಗೊಳಿಸಿ, 2018ರಲ್ಲಿ ಮತ್ತೆ ನಿಷೇಧಿಸಿತು. ದೊಡ್ಡ ಗಂಬಳಿಯೊಂದು ಮಗ್ಗದಿಂದ ಇಳಿಯಲು ತಿಂಗಳುಗಳಲ್ಲ, ಕೆಲವೊಮ್ಮೆ ವರ್ಷಗಳೇ ಬೇಕು. ಹೂಡಿದಾಗ ಇದ್ದ ಪೇಟೆ ಇಳಿಸುವಾಗ ಇಲ್ಲವೆಂದರೆ ನೇಯ್ದವಳ ಗತಿಯೇನು? ಅತ್ತ ಯಂತ್ರದ ಗಂಬಳಿಗಳು ರಾಶಿಯಾಗಿ ಬರುತ್ತಿವೆ. ಅವುಗಳ ದೊಡ್ಡ ಕಾರ್ಖಾನೆಗಳಿರುವುದೂ ಕಾಶಾನಿನ ಸುತ್ತಮುತ್ತಲೇ.

ಇನ್ನು ಬೀಗರ ಮನೆಯ ಮಾತು. ಗಂಬಳಿ ಕೊಳ್ಳುವವರು ಮೊದಲು ಮಗುಚಿ ನೋಡಬೇಕು. ಕೈನೇಯ್ಗೆಯಾದರೆ ಹಿಂಬದಿಯಲ್ಲಿ ಗಂಟುಗಳು ಬಿಡಿಬಿಡಿಯಾಗಿ, ತುಸು ಏರುಪೇರಾಗಿ ಕಾಣುತ್ತವೆ. ಹೂವಿನ ಚಿತ್ರ ಹಿಂದೆಯೂ ಸ್ಪಷ್ಟವಾಗಿರುತ್ತದೆ. ತುದಿಯ ಕುಚ್ಚು ಹಾಸಿನ ಎಳೆಗಳದೇ ಮುಂದುವರಿಕೆ. ಯಂತ್ರದ್ದಾದರೆ ಸಾಮಾನ್ಯವಾಗಿ ಕುಚ್ಚನ್ನು ಬೇರೆಯಾಗಿ ತಂದು ಹೊಲಿದಿರುತ್ತಾರೆ. ಅಂದು ನಾವು ಮಗುಚಿದ ಮೂಲೆಯಲ್ಲಿ ಕಂಡದ್ದು ಆ ಹೊಲಿಗೆಯೇ. ಗಂಬಳಿ ಕಾಶಾನಿನದೇ ಇದ್ದೀತು, ಅದರಲ್ಲಿ ಸುಳ್ಳಿರಲಿಕ್ಕಿಲ್ಲ. ಬೀಗರು ಈ ಪತ್ರಿಕೆಯ ಚಂದಾದಾರರು. ಓದಿದ ಮೇಲೆ ಮಗನಿಗೆ ಹೇಳುವುದೋ ಬಿಡುವುದೋ ಅವರಿಗೆ ಬಿಟ್ಟದ್ದು.