ಪಾಪ ಅಂತ ಬಿಚ್ಚಬೇಡಿ!

"ಅಯ್ಯೋ ಪಾಪ, ಬಿಚ್ಚಿ ಬಿಡ್ರೀ ಅದನ್ನ.."

ಈ ಒಂದು ಮಾತಿನ ಮೇಲಿರೋ ನನ್ನ ಸಿಟ್ಟನ್ನೆಲ್ಲ ಇವತ್ತು ಇಲ್ಲೇ ತೀರಿಸಿಕೊಳ್ತೀನಿ. ಸ್ವಲ್ಪ ಸಹಿಸಿಕೊಳ್ಳಿ.

ಕೆಲವು ಮಕ್ಕಳಿಗೆ ಹುಟ್ಟಿದಾಗಲೇ ಸೊಂಟದ ಕೀಲು ಸರಿಯಾಗಿ ಕೂತಿರೋದಿಲ್ಲ. ತೊಡೆಮೂಳೆಯ ಗುಂಡನೆಯ ತಲೆ ತನ್ನ ಬಟ್ಟಲಿನಿಂದ ಜಾರುತ್ತೆ, ಇಲ್ಲಾ ಬಟ್ಟಲಿಗೇ ಆಳ ಇರೋದಿಲ್ಲ. ಡಾಕ್ಟರುಗಳು ಡಿಡಿಎಚ್ ಅಂತಾರೆ. ಪೂರ್ತಿ ಜಾರಿರೋದು ಸಾವಿರಕ್ಕೆ ಒಂದೆರಡು ಮಕ್ಕಳಲ್ಲಿ. ಹೆಣ್ಣುಮಕ್ಕಳಲ್ಲಿ, ಚೊಚ್ಚಲ ಮಕ್ಕಳಲ್ಲಿ, ಹೊಟ್ಟೆಯೊಳಗೆ ತಲೆ ಮೇಲಾಗಿ ಕೂತಿದ್ದ ಮಕ್ಕಳಲ್ಲಿ ಜಾಸ್ತಿ. ನೋವಿಲ್ಲ, ಮಗು ಅಳೋದಿಲ್ಲ. ತೊಂದರೆ ಇರೋದೇ ಅಲ್ಲಿ, ಯಾರಿಗೂ ಗೊತ್ತಾಗೋದಿಲ್ಲ.

ಹಿಂದೆಲ್ಲ ಇದಕ್ಕೆ ಕಾಲು ಅಲ್ಲಾಡದ ಹಾಗೆ ಪ್ಲಾಸ್ಟರಿನಲ್ಲಿ ಬಿಗಿದಿಡ್ತಿದ್ದರು. ಎಷ್ಟೋ ಮಕ್ಕಳಿಗೆ ಮೂಳೆಯ ತಲೆಗೆ ರಕ್ತ ಹೋಗದೆ ಅದು ಹಾಳಾಗ್ತಿತ್ತು. 1940ರ ದಶಕದಲ್ಲಿ ಚೆಕೊಸ್ಲೊವಾಕಿಯಾದ ಆರ್ನಾಲ್ಡ್ ಪಾವ್ಲಿಕ್ ಅನ್ನೋ ಮೂಳೆ ಡಾಕ್ಟರು ಉಲ್ಟಾ ಯೋಚನೆ ಮಾಡಿದರು. ಮಗು ಒದೀಲಿ ಬಿಡಿ! ಎದೆಗೊಂದು ಪಟ್ಟಿ, ಹೆಗಲ ಮೇಲೆ ಪಟ್ಟಿ, ಅದಕ್ಕೆ ತಗಲಿಸಿದ ಕಾಲಿನ ಪಟ್ಟಿಗಳು. ಮಗು ಕಪ್ಪೆ ಹಾಗೆ ಮಂಡಿ ಮಡಚಿ ತೊಡೆ ಅಗಲಿಸಿಕೊಂಡಿರುತ್ತೆ. ಕಾಲು ನೇರ ಚಾಚೋಕೆ, ಎರಡೂ ಜೋಡಿಸೋಕೆ ಆಗಲ್ಲ ಅಷ್ಟೇ, ಒದೆಯೋಕೆ ಅಡ್ಡಿಯಿಲ್ಲ. ಹಾಗೆ ಒದೀತಾ ಒದೀತಾ ತಲೆ ಬಟ್ಟಲಲ್ಲಿ ಕೂರುತ್ತೆ, ಬಟ್ಟಲು ಅದರ ಅಳತೆಗೆ ಬೆಳೆಯುತ್ತೆ. ಸಾಮಾನ್ಯವಾಗಿ 6ರಿಂದ 12 ವಾರ. ಶುರುವಿನಲ್ಲಿ ದಿನದ 23-24 ಗಂಟೆಯೂ ಮೈಮೇಲೇ ಇರಬೇಕು. ಆರು ತಿಂಗಳೊಳಗಿನ ಕೂಸುಗಳಿಗೇ ಇದು ಚೆನ್ನಾಗಿ ಕೆಲಸ ಮಾಡೋದು.

ನಮ್ಮ ಬಾಣಂತನಕ್ಕೂ ಹಾರ್ನೆಸ್ಸಿಗೂ ಕುಸ್ತಿ ಬೀಳೋದು ಈ 24 ಗಂಟೆಯಲ್ಲೇ ನೋಡಿ.

ನನ್ನ ಮಗಳಿಗೆ ಆರನೇ ವಾರದಲ್ಲಿ ಹಾರ್ನೆಸ್ ಹಾಕಿದಾಗ ಬನಶಂಕರಿಯ ನಮ್ಮ ಮನೆಗೆ ಬಂದವರೆಲ್ಲ ಸಾವಿನ ಮನೆಗೆ ಬಂದವರ ಹಾಗೆ ಮುಖ ಮಾಡ್ತಿದ್ದರು. "ಏನ್ ಪಾಪ ಮಾಡಿತ್ತಮ್ಮಾ ಈ ಕೂಸು, ಹೀಗೆ ಕಟ್ ಹಾಕಿದೀರಲ್ಲ" ಅಂತ ಒಬ್ಬರು. "ಎಣ್ಣೆ ನೀರು ಇಲ್ದೆ ಮಗು ಹೇಗ್ ಬೆಳೆಯತ್ತೆ" ಅಂತ ಎರೆಯೋಕೆ ಬರ್ತಿದ್ದ ಅಜ್ಜಿ. ನಾಮಕರಣದ ದಿನ ಫೋಟೋಗೋಸ್ಕರ ಒಂದರ್ಧ ಗಂಟೆ ಬಿಚ್ಚಿ ಅಂತ ಹಿರಿಯರೊಬ್ಬರು ಹಟ ಹಿಡಿದು ಕೂತರು. ಇವರೆಲ್ಲರಿಗೂ ಮಗು ಮೇಲೆ ಪ್ರೀತಿ ಇತ್ತು, ಅದರಲ್ಲಿ ಅನುಮಾನ ಇಲ್ಲ. ಆದರೆ ಜಾರುವ ಕೀಲಿಗೆ ನಿಮ್ಮ ಪ್ರೀತಿ ಗೊತ್ತಾಗಲ್ಲ ಸ್ವಾಮೀ!

ಎರೆಯೋದನ್ನೇ ತಗೊಳ್ಳಿ. ಅಜ್ಜಿ ಕಾಲು ನೀಡಿಕೊಂಡು ಕೂತು, ಮೇಲೆ ಕೂಸನ್ನ ಮಲಗಿಸಿ, ಎಣ್ಣೆ ತಿಕ್ಕಿ, ಎರಡೂ ಕಾಲು ಜೋಡಿಸಿ ನೀಟಾಗಿ ಎಳೀತಾರೆ. "ಕಾಲು ಸೊಟ್ಟ ಆಗಬಾರದು" ಅಂತ. ಆಮೇಲೆ ಸಾಂಬ್ರಾಣಿ ಹೊಗೆ ಕೊಟ್ಟು, ಕಾಲು ನೇರ ಮಾಡಿ, ಹಳೇ ಪಂಚೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸಿದರೆ ಮುಗೀತು. ಪಾವ್ಲಿಕ್ ಏನು ಆಗಬಾರದು ಅಂದರೋ ಅದೆಲ್ಲ ಆಯ್ತು. ಇದು ಬರೀ ಡಾಕ್ಟರುಗಳ ಹೆದರಿಕೆ ಅಲ್ಲ. ಜಪಾನಿನಲ್ಲಿ 1975ರ ಹೊತ್ತಿಗೆ, ಕೂಸಿನ ಕಾಲು ನೇರ ಮಾಡಿ ಸುತ್ತಬೇಡಿ ಅಂತ ದೇಶಕ್ಕೆಲ್ಲ ಪ್ರಚಾರ ಮಾಡಿದರು. ಅಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚಿದ್ದ ಈ ತೊಂದರೆ 0.2ರ ಆಸುಪಾಸಿಗೆ ಇಳೀತು. ಔಷಧಿಯಿಲ್ಲ, ಆಪರೇಷನ್ನಿಲ್ಲ, ಬಟ್ಟೆ ಸಡಿಲ ಮಾಡಿದ್ದಷ್ಟೇ.

ಹಾಗಂತ ಹಳೇದೆಲ್ಲ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ನಮ್ಮ ಹೆಂಗಸರು ಮಗೂನ ಸೊಂಟದ ಮೇಲೆ ಕೂರಿಸಿಕೊಳ್ತಾರಲ್ಲ, ತೊಡೆ ಅಗಲಿಸಿ? ಕೀಲಿಗೆ ಅದು ಬಹಳ ಒಳ್ಳೇದು. ಆದರೆ ಹಾಗೆ ಎತ್ತಿಕೊಳ್ಳೋದು ಕುತ್ತಿಗೆ ನಿಂತ ಮೇಲೆ. ಸುತ್ತೋದು ಮೊದಲನೇ ದಿನದಿಂದ.

ಬರೀ ಅಜ್ಜಿಯರನ್ನ ಬೈದರೆ ಅನ್ಯಾಯ ಆಗುತ್ತೆ. ಹುಟ್ಟಿದ ಕೂಸಿನ ತೊಡೆ ಹಿಡಿದು ಕೀಲು ಜಾರುತ್ತಾ ಅಂತ ನೋಡೋಕೆ ಎರಡು ನಿಮಿಷ ಸಾಕು. ಒರ್ಟೊಲಾನಿ ವಿಧಾನ 1937ರದ್ದು, ಬಾರ್ಲೋ ಅವರದು 1962ರದ್ದು. ಕೇಂದ್ರ ಸರ್ಕಾರ 2013ರಲ್ಲಿ ಶುರು ಮಾಡಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲೂ ಡಿಡಿಎಚ್ ಹೆಸರಿದೆ. ನಮ್ಮ ದಕ್ಷಿಣ ಬೆಂಗಳೂರಿನಲ್ಲಂತೂ ಕೊರತೆ ಏನು? ನಿಮ್ಹಾನ್ಸ್ ಪಕ್ಕ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ, ಬೈರಸಂದ್ರದಲ್ಲಿ ಸಂಜಯಗಾಂಧಿ ಮೂಳೆ ಆಸ್ಪತ್ರೆ, ಜೆಪಿ ನಗರದಲ್ಲಿ ಹೆಜ್ಜೆಗೊಂದು ಸ್ಕ್ಯಾನಿಂಗ್ ಸೆಂಟರ್. ಆದರೂ ನಮ್ಮ ದೇಶದಲ್ಲಿ ಎಷ್ಟೋ ಮಕ್ಕಳಲ್ಲಿ ಇದು ಗೊತ್ತಾಗೋದು ನಡೆಯೋಕೆ ಶುರು ಮಾಡಿ ಕುಂಟಿದಾಗ. ಆಗ ಹಾರ್ನೆಸ್ ಕೆಲಸಕ್ಕೆ ಬರಲ್ಲ. ಅರಿವಳಿಕೆ ಕೊಟ್ಟು ಕೂರಿಸಿ, ಎದೆಯಿಂದ ಕಾಲಿನವರೆಗೆ ಪ್ಲಾಸ್ಟರ್ ಹಾಕಬೇಕು, ಇಲ್ಲಾ ಮೂಳೆ ಕತ್ತರಿಸಬೇಕು. ಆಗ ಪಾಪ ಅನ್ನಿ, ನಾನೂ ನಿಮ್ಮ ಜೊತೆ ಅಂತೀನಿ.

ಹಾರ್ನೆಸ್ ಎಲ್ಲ ಕೂಸಿಗೂ ಒಗ್ಗುತ್ತೆ ಅಂತಲೂ ಇಲ್ಲ. ಮೂರು ನಾಲ್ಕು ವಾರದಲ್ಲಿ ಕೀಲು ಕೂರದಿದ್ದರೆ ಡಾಕ್ಟರೇ ಬೇರೆ ದಾರಿ ನೋಡ್ತಾರೆ. ಪಟ್ಟಿ ಅತಿ ಬಿಗಿಯಾದರೆ ನರಕ್ಕೆ, ಮೂಳೆ ತಲೆಗೆ ಪೆಟ್ಟು. ಅದಕ್ಕೇ ಮನೆಯಲ್ಲಿ ಎಳೆದು ಬಿಗಿ ಮಾಡೋದು, ಸಡಿಲ ಮಾಡೋದು ಬೇಡ. ಸ್ನಾನಕ್ಕೆ ಬಿಚ್ಚಬಹುದಾ ಅನ್ನೋದನ್ನೂ ಅವರನ್ನೇ ಕೇಳಿ. ಬೇಡ ಅಂದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯ್ತು.

ನಿಮ್ಮ ಮನೆಯ ಕೂಸು ಹೊಟ್ಟೆಯಲ್ಲಿ ತಲೆ ಮೇಲಾಗಿ ಕೂತಿತ್ತಾ? ಮನೆತನದಲ್ಲಿ ಯಾರಿಗಾದರೂ ಈ ತೊಂದರೆ ಇತ್ತಾ? ಸಿಸೇರಿಯನ್ ಆಗಿದ್ದರೂ ಸರಿ, ಆರನೇ ವಾರಕ್ಕೆ ಸೊಂಟದ ಅಲ್ಟ್ರಾಸೌಂಡ್ ಮಾಡಿಸಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಅಷ್ಟು ಎಳೇ ವಯಸ್ಸಿನಲ್ಲಿ ಮೂಳೆ ತಲೆ ಇನ್ನೂ ಮೃದ್ವಸ್ಥಿ, ಎಕ್ಸ್‌ರೇಯಲ್ಲಿ ಕಾಣೋದಿಲ್ಲ.

ಅಂದಹಾಗೆ, ನಾಮಕರಣದ ಫ್ರಾಕು ಸ್ವಲ್ಪ ದೊಡ್ಡ ಸೈಜಿನದು ತಂದರೆ ಹಾರ್ನೆಸ್ ಮೇಲೇ ಹಾಕಬಹುದು. ಫೋಟೋದಲ್ಲಿ ಏನೂ ಕಾಣಲ್ಲ.