ರಹೀಂ ಸಾಹೇಬರ ಕೀರ್ತಿ

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರೈಲುಹಾದಿ ಮುಂದೆ ಲೋಂಡಾದ ಮೂಲಕ ಘಟ್ಟವಿಳಿದು ಗೋವೆಯನ್ನು ಸೇರುತ್ತದೆ. ಗೋವೆಯೋ ಕಾಲ್ಚೆಂಡಾಟದ ನಾಡು. ಅಲ್ಲಿಯ ಗಾಳಿ ಘಟ್ಟ ಹತ್ತಿ ಬಂದುದರಿಂದಲೋ, ಬೆಳಗಾವಿಯ ದಂಡಿನ ಸೈನಿಕರ ಸಹವಾಸದಿಂದಲೋ, ಕ್ರಿಕೆಟ್ಟಿನ ಗದ್ದಲದ ನಡುವೆಯೂ ಈ ಸೀಮೆಯಲ್ಲಿ ಆ ಆಟದ ಮೋಹ ಅಳಿದಿಲ್ಲ. ಮೋಹವಿದ್ದಲ್ಲಿ ವೀರಪೂಜೆಯೂ ಉಂಟು. 2024ರಲ್ಲಿ ‘ಮೈದಾನ್’ ಎಂಬ ಹಿಂದಿ ಚಲನಚಿತ್ರ ಬಂದ ಮೇಲಂತೂ, ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರು ಭಾರತದ ಕಾಲ್ಚೆಂಡಾಟವನ್ನು ಒಬ್ಬರೇ ಹೊತ್ತು ನಿಂತ ತರಬೇತುದಾರರೆಂಬ ಭಾವನೆ ಬಲವಾಗಿದೆ. ಆ ಕೀರ್ತಿ ಅವರ ಸಾಧನೆಗೆ ತಕ್ಕುದೇ?

ಇಂಥ ಪ್ರಶ್ನೆಯನ್ನು ಕೇಳುವುದೇ ಅಪಚಾರವೆಂದು ಬಗೆಯುವವರಿದ್ದಾರೆ. ಆದರೆ ರಹೀಮರು ಶಾಲೆಯಲ್ಲಿ ಉಪಾಧ್ಯಾಯರಾಗಿದ್ದವರು. ಉತ್ತರಪತ್ರಿಕೆಯನ್ನು ನೋಡದೆ ಅಂಕ ಕೊಡುವುದು ಅವರಿಗೂ ಒಪ್ಪಿಗೆಯಾಗುತ್ತಿರಲಿಕ್ಕಿಲ್ಲ.

ಮೊದಲು ಮೆಲ್ಬೋರ್ನನ್ನು ನೋಡಬೇಕು. 1956ರ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತೆಂಬುದು ರಹೀಮರ ಹೆಸರಿನೊಡನೆ ತಪ್ಪದೆ ಬರುವ ಮಾತು. ಮಾತು ನಿಜವೇ. ಆದರೆ ಅಲ್ಲಿ ಸ್ಪರ್ಧಿಸಿದ ತಂಡಗಳು 11 ಮಾತ್ರ. ಭಾರತದ ಮೊದಲ ಎದುರಾಳಿಯಾಗಬೇಕಿದ್ದ ಹಂಗೆರಿ ಬರಲೇ ಇಲ್ಲ. ಆಡದೆಯೇ ಒಂದು ಸುತ್ತು ದಾಟಿದಂತಾಯಿತು. ಡಿಸೆಂಬರ್ 1ರಂದು ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿದರು. ಬೆಳಗಾವಿ, ಖಾನಾಪುರಗಳು ಮುಂಬಯಿ ರಾಜ್ಯವನ್ನು ಬಿಟ್ಟು ಕನ್ನಡನಾಡನ್ನು ಸೇರಿ ಅಂದಿಗೆ ಸರಿಯಾಗಿ ಒಂದು ತಿಂಗಳಾಗಿತ್ತು. ಅಂದು ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಹುಟ್ಟಿದ್ದು ಘಟ್ಟದಾಚೆಯ ಗೋವೆಯಲ್ಲಿ. ಆಮೇಲೆ ಯುಗೋಸ್ಲಾವಿಯದ ಎದುರು 1–4, ಬಲ್ಗೇರಿಯದ ಎದುರು 0–3. ಎಂದರೆ ಆ ಪ್ರಸಿದ್ಧ ನಾಲ್ಕನೆಯ ಸ್ಥಾನದ ಹಿಂದಿರುವ ಗೆಲುವು ಒಂದೇ ಒಂದು. ಒಲಿಂಪಿಕ್ ಉಪಾಂತ್ಯವನ್ನು ಮುಟ್ಟಿದ ಮೊದಲ ಏಷ್ಯಾ ತಂಡವೆಂಬ ಗೌರವ ದೊಡ್ಡದೇ. ಆದರೂ ಇಲ್ಲಿ ಕೀರ್ತಿ ಸಾಧನೆಗಿಂತ ತುಸು ಮುಂದೆ ಓಡಿದೆ ಎನ್ನದೆ ವಿಧಿಯಿಲ್ಲ.

ಗೆಲುವು ಗುರುವಿನದಾದರೆ ಸೋಲೂ ಅವನದಾಗಬೇಕಷ್ಟೆ. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ನಮ್ಮವರಲ್ಲಿ ಅನೇಕರು ಬರಿಗಾಲಿನಲ್ಲಿ ಆಡಿ ಯುಗೋಸ್ಲಾವಿಯಕ್ಕೆ 1–10ರಿಂದ ಸೋತರು. ಆ ಒಂದು ಗೋಲು ಬೆಂಗಳೂರಿನ ಅಹಮದ್ ಖಾನರದು. ಆ ತಂಡದ ತರಬೇತುದಾರರೂ ರಹೀಮರೇ. ಇನ್ನೊಂದು ಸಂಗತಿ: ಅವರು ತೀರಿಕೊಂಡ ಮರುವರ್ಷ, 1964ರಲ್ಲಿ, ಹ್ಯಾರಿ ರೈಟ್ ಎಂಬ ಆಂಗ್ಲರ ಮಾರ್ಗದರ್ಶನದಲ್ಲಿ ಭಾರತ ಏಷ್ಯಾ ಕಪ್ಪಿನಲ್ಲಿ ಎರಡನೆಯ ಸ್ಥಾನ ಪಡೆಯಿತು. ರಹೀಮರಿಲ್ಲದೆ ಏನೂ ನಡೆಯದೆಂಬ ಮಾತಿಗೆ ಇದು ಅಡ್ಡ ಬರುತ್ತದೆ. ಆ ಆಟಗಾರರಲ್ಲಿ ಹಲವರನ್ನು ಪಳಗಿಸಿದವರು ಯಾರೆಂದು ಕೇಳಿದರೆ ಮಾತ್ರ ಉತ್ತರ ತಿರುಗಿ ಅವರ ಬಾಗಿಲಿಗೇ ಬರುತ್ತದೆ.

ಇನ್ನು ಜನ ಅಷ್ಟಾಗಿ ನೆನೆಯದ ಪುಟಗಳು. ಅವರ ಕೈಯಲ್ಲಿ ಬೆಳೆದ ಹೈದರಾಬಾದು ನಗರ ಪೊಲೀಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತವಾಗಿ 5 ಸಲ ಗೆದ್ದಿತು. ಬೆಳಗಾವಿಯವರಿಗೆ ಅಂದು ಮುಂಬಯಿ ರಾಜಧಾನಿ; ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದು. ಕನ್ನಡಿಗರು ಎರಡು ಪಕ್ಷಗಳಲ್ಲಿಯೂ ಇದ್ದರೆನ್ನಬಹುದು! ಒಂದು ವರ್ಷದ ಗೆಲುವಿಗೆ ಅದೃಷ್ಟವನ್ನು ಕಾರಣವಾಗಿ ಹೇಳಬಹುದು. ಐದು ವರ್ಷ ಅದೃಷ್ಟ ಕಾಯುವುದಿಲ್ಲ. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡೆಗಳಲ್ಲಿ ಇರಾನನ್ನು 1–0ರಿಂದ ಸೋಲಿಸಿ ಚಿನ್ನ ಗೆದ್ದುದೂ ಅವರ ತಂಡವೇ.

ಎಲ್ಲಕ್ಕಿಂತ ಮಿಗಿಲಾದುದು 1962ರ ಜಕಾರ್ತ. ಇಸ್ರೇಲ್ ಅಲ್ಲಿರಲಿಲ್ಲವೆಂದು ಆಕ್ಷೇಪಿಸುವವರಿದ್ದಾರೆ, ಇರಲಿ. ಮೊದಲ ಪಂದ್ಯದಲ್ಲಿಯೇ ಭಾರತ ದಕ್ಷಿಣ ಕೊರಿಯಕ್ಕೆ 0–2ರಿಂದ ಸೋತಿತು. ಥೈಲೆಂಡಿನ ಎದುರು ರಕ್ಷಣಾ ಸಾಲಿನ ಆಧಾರಸ್ತಂಭವಾಗಿದ್ದ ಜರ್ನೈಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಬೇರೊಬ್ಬರಾಗಿದ್ದರೆ ಅವರನ್ನು ಹೊರಗೆ ಕೂರಿಸುತ್ತಿದ್ದರು. ರಹೀಮರು ಅವರನ್ನು ಹಿಂದಿನ ಸಾಲಿನಿಂದ ಕಿತ್ತು ಮುಂಚೂಣಿಯಲ್ಲಿ ಗೋಲು ಹೊಡೆಯುವ ಸ್ಥಾನಕ್ಕೆ ನಿಲ್ಲಿಸಿದರು. ಉಪಾಂತ್ಯದಲ್ಲಿ ಜರ್ನೈಲರು ಗೋಲು ಹೊಡೆದರು. ಸೆಪ್ಟೆಂಬರ್ 4ರಂದು ಅಂತಿಮ ಪಂದ್ಯದಲ್ಲಿ ಎದುರಿಗೆ ಅದೇ ಕೊರಿಯ. ಸುತ್ತಲೂ ಭಾರತದ ಮೇಲೆ ಮುನಿದ ಪ್ರೇಕ್ಷಕಸಮೂಹ. ಪಿ. ಕೆ. ಬ್ಯಾನರ್ಜಿಯವರದೊಂದು, ಜರ್ನೈಲರದೊಂದು ಗೋಲು. ಭಾರತ 2–1ರಿಂದ ಗೆದ್ದಿತು. ಸ್ವತಃ ಚೆಂಡನ್ನು ಮುಟ್ಟದ ತರಬೇತುದಾರನೊಬ್ಬನ ಬುದ್ಧಿಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪಂದ್ಯಗಳು ಬಹಳವಿಲ್ಲ. ಮೆಲ್ಬೋರ್ನಿನ ಲೆಕ್ಕದಲ್ಲಿ ಹೆಚ್ಚಾಗಿ ಸಂದ ಹೊಗಳಿಕೆಯನ್ನು ಇಲ್ಲಿಗೆ ತಂದು ಸುರಿದರೂ ಅಧಿಕವೆನಿಸದು.

ಆಗಲೇ ಅವರನ್ನು ಕ್ಯಾನ್ಸರ್ ಕಾಡುತ್ತಿತ್ತು. 1963ರ ಜೂನ್ 11ರಂದು ಅವರು ತೀರಿಕೊಂಡರು. ಏಷ್ಯನ್ ಕ್ರೀಡೆಗಳ ಕಾಲ್ಚೆಂಡಾಟದಲ್ಲಿ ಆಮೇಲೆ ಭಾರತಕ್ಕೆ ದೊರೆತದ್ದು 1970ರ ಕಂಚೊಂದೇ.